ಗ್ರಾಂ ಲೆಕ್ಕದ ಸೈಕಲ್, ಕೇಜಿ ಲೆಕ್ಕದ ಸವಾರ

ರೇಸಿಂಗ್ ಸೈಕಲ್ ಕೊಳ್ಳುವವರ ತಲೆನೋವು ಶುರುವಾಗುವುದೇ ತಕ್ಕಡಿಯಿಂದ. ದೊಡ್ಡ ರೇಸುಗಳಲ್ಲಿ ಸೈಕಲ್ 6.8 ಕೇಜಿಗಿಂತ ಹಗುರ ಇರಬಾರದು ಅಂತ ಅಂತರರಾಷ್ಟ್ರೀಯ ನಿಯಮವಿದೆ. ಯಾವ ರೇಸಿಗೂ ಹೆಸರು ಕೊಡದ ನನ್ನ ಗೆಳೆಯನಿಗೂ ಅದೇ ಗುರಿ. ಸೀಟಿನ ಕಂಬ ಕಾರ್ಬನ್ನು, ನೀರಿನ ಬಾಟಲಿ ಸಿಕ್ಕಿಸುವ ಹಿಡಿಯೂ ಕಾರ್ಬನ್ನು. ಹೀಗೆ ಗ್ರಾಂ ಗ್ರಾಂ ಉಳಿಸಿದವನು ನಂದಿ ಬೆಟ್ಟದ ದಾರಿಯಲ್ಲಿ ಎರಡು ತಟ್ಟೆ ಇಡ್ಲಿ, ಒಂದು ಖಾರಾಬಾತ್, ಮೇಲೊಂದು ಕೇಸರಿಬಾತ್ ಇಳಿಸಿದ. ಉಳಿತಾಯವೆಲ್ಲ ಬಡ್ಡಿ ಸಮೇತ ವಾಪಸ್!

ನನ್ನದು ಟೂರಿಂಗ್ ಸೈಕಲ್. ಉಕ್ಕಿನ ಫ್ರೇಮ್, ದಪ್ಪ ಟಯರ್, ಹಿಂದೆ ಕ್ಯಾರಿಯರ್. ಎಮ್ಮೆ ಇದ್ದ ಹಾಗೆ, ನಿಧಾನ ಆದರೂ ಜಗ್ಗುವುದಿಲ್ಲ. ಸೀಟಿನ ನೋವಿಗೆ ಅಂತ ಪ್ಯಾಡ್ ಇರುವ ಚಡ್ಡಿ ತಂದಿದ್ದೆ. ಅದನ್ನು ಒಳಚಡ್ಡಿ ಇಲ್ಲದೆ ಹಾಕಬೇಕು, ಹೊಲಿಗೆ ಉಜ್ಜಿ ಗಾಯವಾಗಬಾರದಲ್ವಾ. ಹೆಂಡತಿ ನೋಡಿ, "ರಸ್ತೆಗೆ ಹೀಗೇ ಹೋಗ್ತೀರಾ? ಮೇಲೊಂದು ಲುಂಗಿನಾದ್ರೂ ಸುತ್ಕೊಳ್ಳಿ" ಅಂದಳು.

ಗೆಳೆಯನ ಶೂ ಪೆಡಲಿಗೆ ಕಚ್ಚಿಕೊಳ್ಳುವ ಜಾತಿಯದು. ಹಿಮ್ಮಡಿಯನ್ನು ಹೊರಗೆ ತಿರುಚಿದರೆ ಮಾತ್ರ ಬಿಡುತ್ತದೆ. ಸಿಗ್ನಲ್ ಕೆಂಪಾದಾಗ ಅದು ನೆನಪಾಗಬೇಕಲ್ಲ! ಬಿಎಂಟಿಸಿ ಬಸ್ಸಿನ ಪಕ್ಕ ನಿಂತ, ಒಂದು ಕ್ಷಣ ಹಾಗೇ ಇದ್ದ, ಆಮೇಲೆ ಸೈಕಲ್ ಸಮೇತ ಮೆಲ್ಲಗೆ ಎಡಕ್ಕೆ ಮಲಗಿದ. ಕಿಟಕಿಯಿಂದ ಒಬ್ಬ ಅಜ್ಜಿ "ಪಾಪ" ಅಂದರು. ಮೊಣಕೈಗಿಂತ ಅದೇ ಜಾಸ್ತಿ ಉರಿಯಿತಂತೆ.

ನಂದಿಯ ಏರಿನಲ್ಲಿ ಉಪಯೋಗಕ್ಕೆ ಬರುವುದು ಹಿಂದಿನ ದೊಡ್ಡ ಹಲ್ಲುಚಕ್ರ. ನನ್ನದರಲ್ಲಿ 34 ಹಲ್ಲು, ಅವನದರಲ್ಲಿ 25. ಚಿಕ್ಕದಾದರೆ ತೂಕ ಕಮ್ಮಿ ಅಂತ ಹಾಕಿಸಿದ್ದು. ನಾನು ಪೆಡಲು ತುಳಿಯುತ್ತಾ ಹೋದೆ, ಅವನು ಕೊನೆಯ ತಿರುವುಗಳಲ್ಲಿ ಆ ಹಗುರ ಸೈಕಲ್ಲನ್ನು ತಳ್ಳಿಕೊಂಡು ಬಂದ. ತಳ್ಳುವುದಕ್ಕೆ ಮಾತ್ರ ನಿಜಕ್ಕೂ ಹಗುರವಾಗಿತ್ತಂತೆ.

ಇಳಿದು ಬರುವಾಗ ಅವನ ಟಯರ್ ಪಂಕ್ಚರ್. ಬೇರೆ ಟ್ಯೂಬ್ ಇತ್ತು, ಗಾಳಿ ಇರಲಿಲ್ಲ. ರೇಸ್ ಸೈಕಲ್ಲಿನ ವಾಲ್ವ್ ಪೆನ್ಸಿಲಿನಷ್ಟು ಸಣ್ಣ, ತುದಿಯ ಪುಟ್ಟ ನಟ್ ಸಡಿಲಿಸಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ನನ್ನ ಪಂಪು ದಪ್ಪ ವಾಲ್ವಿನದು. ಪಂಕ್ಚರ್ ಅಂಗಡಿಯವನ ಗನ್ನೂ ಅಷ್ಟೇ, ಒತ್ತಿದಷ್ಟೂ ಗಾಳಿ ಬುಸ್ಸೆಂದು ಅವನ ಮುಖಕ್ಕೇ. ಎರಡನ್ನೂ ಹೊಂದಿಸುವ ಬೆರಳುಗುರಿನಷ್ಟು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ಗೆಳೆಯನ ಹತ್ತಿರವೂ ಇತ್ತು. ಸುಮ್ನೆ ತೂಕ ಅಂತ ಮನೆಯಲ್ಲೇ ಬಿಟ್ಟು ಬಂದಿದ್ದ.

ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಸೈಕಲ್ಲಿನ ಬೆಲೆ ಕೇಳಿದ. ಇವನು ಹೆಮ್ಮೆಯಿಂದ ಹೇಳಿದ. ಅವನು ಸೈಕಲ್ಲನ್ನು ಹಳೇ ಟಯರ್ ರಾಶಿಗೆ ಒರಗಿಸಿ ಕೇಳಿದ: "ಅಷ್ಟು ದುಡ್ಡು ತಗೊಂಡು ಒಂದು ಸ್ಟ್ಯಾಂಡೂ ಹಾಕ್ಕೊಡ್ಲಿಲ್ವಾ ಸರ್?"