ಕುಡಿತ ಬಿಟ್ಟು 6 ತಿಂಗಳಾಗುವ ಮೊದಲೇ ಯಕೃತ್ತಿನ ಕಸಿ: ಸರಿಯೇ?

ಪರ

ಕುಡಿತದಿಂದ ಯಕೃತ್ತಿಗೆ ಉರಿಯೂತ ಬರುವ ತೀವ್ರ ಮದ್ಯಜನ್ಯ ಹೆಪಟೈಟಿಸ್‌ನಿಂದ ಮಲಗಿರುವ ರೋಗಿಗೆ ‘ಕುಡಿತ ಬಿಟ್ಟು ಆರು ತಿಂಗಳಾದ ಮೇಲೆ ನೋಡೋಣ’ ಎನ್ನುವುದು ಚಿಕಿತ್ಸೆಯನ್ನು ನಿರಾಕರಿಸಿದಂತೆಯೇ. ಕಣ್ಣು ಹಳದಿಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿ, ಸ್ಟೆರಾಯ್ಡ್‌ಗೂ ಜಗ್ಗದ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಅಷ್ಟು ದಿನ ಬದುಕಿರುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಆರಂಭಿಸಿದ ಏಳನೆಯ ದಿನ, ಕಣ್ಣು ಹಳದಿಗಟ್ಟಿಸುವ ಬಿಲಿರುಬಿನ್ ರಕ್ತದಲ್ಲಿ ಎಷ್ಟು ಇಳಿದಿದೆ ಎಂದು ನೋಡಿ, ಔಷಧಕ್ಕೆ ಸ್ಪಂದನೆಯನ್ನು ಅಳೆಯುವ ಲಿಲ್ ಅಂಕ ಲೆಕ್ಕ ಹಾಕಿದರೆ, ಯಾರಿಗೆ ಔಷಧ ಹತ್ತುತ್ತಿಲ್ಲ ಎಂಬುದು ತಿಳಿಯುತ್ತದೆ. ತಿಳಿದ ಮೇಲೂ ಕೈಕಟ್ಟಿ ಕೂರುವುದು ವೈದ್ಯಧರ್ಮವಲ್ಲ.

ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಔಷಧಕ್ಕೆ ಸ್ಪಂದಿಸದ 26 ಮಂದಿಗೆ ಕಾಯದೆ ಕಸಿ ಮಾಡಿದಾಗ ಆರು ತಿಂಗಳಲ್ಲಿ ಬದುಕುಳಿದವರು ಶೇ 77. ಅದೇ ಸ್ಥಿತಿಯಲ್ಲಿದ್ದು ಕಸಿಯಾಗದವರಲ್ಲಿ ಉಳಿದವರು ಶೇ 23 ಮಾತ್ರ. ಮತ್ತೆ ಕುಡಿತಕ್ಕೆ ಮರಳಿದವರು ಮೂವರು. ಮದ್ಯವ್ಯಸನವೂ ಕಾಯಿಲೆ. ಸಿಗರೇಟು ಸೇದಿದವರ ಹೃದಯಕ್ಕೆ ಸ್ಟೆಂಟ್ ಹಾಕುವಾಗ ನಾವು ಈ ಬಗೆಯ ಪರೀಕ್ಷೆ ಒಡ್ಡುವುದಿಲ್ಲ. ತಾನು ಕುಡಿದದ್ದರಿಂದಲೇ ಯಕೃತ್ತು ಹಾಳಾಯಿತೆಂದು ಮೊದಲ ಬಾರಿಗೆ ಅರಿತವನಿಗೆ ಬಿಡಲು ಅವಕಾಶವನ್ನಾದರೂ ಕೊಡಬೇಡವೇ?

ವಿರೋಧ

ಅವರೇ ತಂದುಕೊಂಡ ಕಾಯಿಲೆ, ಅನುಭವಿಸಲಿ ಎನ್ನುವವರ ಜೊತೆ ನಾನಿಲ್ಲ. ಆ ಮಾತು ಕ್ರೂರ. ನನ್ನ ಆಕ್ಷೇಪ ಬೇರೆ.

ಕಾಯುವ ಅವಧಿ ಶಿಕ್ಷೆಯಲ್ಲ. ಮದ್ಯ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ರೋಗಿಗಳ ಯಕೃತ್ತು ಕೂಡ ಎಷ್ಟೋ ಬಾರಿ ಚೇತರಿಸಿಕೊಂಡು, ಕಸಿಯೇ ಬೇಡವಾಗುವುದುಂಟು. ಆತುರಪಟ್ಟರೆ ಅಂಥವರಿಗೂ ದೊಡ್ಡ ಶಸ್ತ್ರಚಿಕಿತ್ಸೆ, ಜೀವನಪರ್ಯಂತ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಗಂಟುಬೀಳುತ್ತದೆ.

2011ರ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸುವುದು ಅಪಾಯಕರ. ಆ ಕಾಯಿಲೆಯಿಂದ ದಾಖಲಾದವರಲ್ಲಿ ಆಯ್ಕೆಯಾದವರು ಶೇ 2ಕ್ಕೂ ಕಡಿಮೆ. ಯಕೃತ್ತಿನ ತೊಂದರೆ ಅವರಿಗೆ ಅದೇ ಮೊದಲು ಕಾಣಿಸಿಕೊಂಡಿತ್ತು. ಬೆಂಬಲಕ್ಕೆ ನಿಂತ ಕುಟುಂಬವಿತ್ತು. ಚಿಕಿತ್ಸಾ ತಂಡದ ಎಲ್ಲರೂ ಒಮ್ಮತದಿಂದ ಒಪ್ಪಿದ್ದರು. ಈ ಜರಡಿಯನ್ನು ಸಡಿಲಿಸಿದರೆ ಅದೇ ಫಲಿತಾಂಶ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಮುಂದೆ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀವ ಉಳಿದದ್ದು ನಿಜ. ಆದರೆ ಕಸಿಯಾದ ಎರಡು ವರ್ಷಗಳೊಳಗೆ ವಿಪರೀತ ಕುಡಿತಕ್ಕೆ ಮರಳಿದವರು ಬೇಗ ಕಸಿಯಾದವರಲ್ಲಿ ಶೇ 22, ಆರು ತಿಂಗಳು ಮದ್ಯ ಬಿಟ್ಟು ಕಸಿ ಪಡೆದವರಲ್ಲಿ ಶೇ 5.

ದಾನವಾಗಿ ಬರುವ ಯಕೃತ್ತುಗಳು ಬೇಡಿಕೆಗೆ ಸಾಲುತ್ತಿಲ್ಲ. ಒಬ್ಬರಿಗೆ ಕೊಟ್ಟದ್ದು ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಇಲ್ಲ, ಮತ್ತು ಆ ಇನ್ನೊಬ್ಬರು ಯಾರೆಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ತಿಂಗಳೆಂಬ ಗಡುವಿನಲ್ಲಿ ಯಾವ ಮಂತ್ರಶಕ್ತಿಯೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಕಿತ್ತುಹಾಕುವ ಮುನ್ನ ಪ್ರತಿ ಕಸಿ ಕೇಂದ್ರದಲ್ಲಿಯೂ ವ್ಯಸನ ಚಿಕಿತ್ಸೆಯ ತಜ್ಞರಿರಬೇಕು, ಕಸಿಯ ನಂತರ ವರ್ಷಗಟ್ಟಲೆ ರೋಗಿಯ ಜೊತೆಗಿರುವ ವ್ಯವಸ್ಥೆ ಇರಬೇಕು. ಅದಿಲ್ಲದ ಕಡೆ ಗಡುವು ಉಳಿಯಲಿ.