ರಣಹದ್ದಿನ ಕತೆಯೂ ಇದೇ ಅಲ್ವಾ?

ಜನ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬ ನಿಮ್ಮ ಲೇಖನದ ಮಾತು ಸರಿ. ಆದರೆ ಕೊಟ್ಟಿರುವ ಉದಾಹರಣೆಗಳೆಲ್ಲ ಪ್ರಾಣಿಗಳಿಂದ ನಮಗೆ ಬರುವ ರೋಗಗಳದ್ದೇ: ರೇಬಿಸ್, ಹಕ್ಕಿಜ್ವರ, ನಿಫಾ. ನಮ್ಮಿಂದ ಅವಕ್ಕೆ ಆಗುವ ಕೇಡಿನ ಲೆಕ್ಕ ಎಲ್ಲಿ?

ಭಾರತದ ರಣಹದ್ದುಗಳನ್ನೇ ನೋಡಿ. 1990ರ ದಶಕದಲ್ಲಿ ಅವು ಸಾಲುಸಾಲಾಗಿ ಸಾಯತೊಡಗಿದವು. ಕತ್ತು ಜೋಲು ಬಿಟ್ಟು ಕೊಂಬೆ ಮೇಲೆ ಕೂತ ಹದ್ದು ಕೊನೆಗೆ ಮರದ ಬುಡದಲ್ಲಿ ಬಿದ್ದಿರುತ್ತಿತ್ತು. ಯಾವುದೋ ವೈರಸ್ ಇರಬೇಕು ಅಂದುಕೊಂಡವರೇ ಜಾಸ್ತಿ. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ನಿಜ ಬಯಲು ಮಾಡಿತು. ಕಾರಣ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್! ಆ ದನ ಸತ್ತಾಗ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ ಕೂರುತ್ತಿತ್ತು. ಬಿಳಿಬೆನ್ನಿನ ರಣಹದ್ದುಗಳಂತೂ ನೂರಕ್ಕೆ 99ಕ್ಕಿಂತ ಹೆಚ್ಚು ಹೋದವು.

ಆಮೇಲೆ ಸತ್ತ ದನ ತಿನ್ನೋರು ಯಾರು? ಬೀದಿನಾಯಿಗಳು. ನಾಯಿ ಹೆಚ್ಚಿದ ಕಡೆ ಕಡಿತ, ರೇಬಿಸ್ ಭಯವೂ ಹೆಚ್ಚು. ಸುತ್ತಿ ಬಳಸಿ ನಮ್ಮ ಕಾಲಿಗೇ ಬಂತು.

2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿದರು. ಆದರೆ ಮನುಷ್ಯರ ಹೆಸರಲ್ಲಿ ಬರುತ್ತಿದ್ದ ದೊಡ್ಡ ಇಂಜೆಕ್ಷನ್ ಬಾಟಲಿಗಳು ಕೊಟ್ಟಿಗೆ ಸೇರುತ್ತಲೇ ಇದ್ದವು (ನಾವು ಬಿಡ್ತೀವಾ!). ದನಕ್ಕೆ ಬಳಸೋದು ಕಷ್ಟವಾಗಲಿ ಅಂತ 2015ರಲ್ಲಿ ಆ ಬಾಟಲಿಯನ್ನೇ 3 ಮಿ.ಲೀ.ಗೆ ಇಳಿಸಬೇಕಾಯಿತು. ಹದ್ದಿಗೆ ತೊಂದರೆ ಕೊಡದ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧ ಇದ್ದೇ ಇದೆ. ದನಕ್ಕೆ ಬರೆಯುವ ಔಷಧದ ಚೀಟಿ ಬಗ್ಗೆಯೂ ಒಂದು ಲೇಖನ ಬರೀರಿ, ಕಾಯ್ತಿರ್ತೀನಿ.