ರಾಜಿ ಆಯ್ತು ಸರಿ, ಕಾಗದ ಗಟ್ಟಿ ಇದೆಯಾ?

ಮಲೆನಾಡಿನಲ್ಲಿ ರಾಜಿ ಪಂಚಾಯ್ತಿಗೆ ಬರವಿಲ್ಲ. ಗಂಡ ಹೆಂಡತಿ ಜಗಳ ಇರಲಿ, ಅಡಿಕೆ ವ್ಯಾಪಾರದ ಬಾಕಿ ಇರಲಿ, ಮೊದಲು ಎರಡೂ ಕಡೆಯ ಹಿರಿಯರು ಜಗಲಿಯಲ್ಲಿ ಕೂತೇ ಕೂರ್ತಾರೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದವರೆಗೆ ಹೋಗುವವರೂ ಇದ್ದಾರೆ. ಇದೆಲ್ಲ ಹಳೇ ಕಾಲದ್ದು ಅಂತ ಮೂಗು ಮುರಿಯುವವರ ಪೈಕಿ ನಾನಲ್ಲ. ಎರಡೂ ಮನೆಯ ಸಾಲ, ಜಮೀನು, ಸ್ವಭಾವ ಬಲ್ಲವರು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ಕೋರ್ಟಿನಲ್ಲಿ ವರ್ಷಗಳೇ ಹಿಡಿಯುತ್ತವೆ. ನನ್ನ ತಕರಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ಛಾಪಾ ಕಾಗದದಲ್ಲಿ ನಾಲ್ಕು ಸಾಲು ಬರೆದು, ನೋಟರಿ ಸೀಲು ಹಾಕಿಸಿ, ಎಲ್ಲ ಮುಗೀತು ಅಂತ ಎದ್ದುಬಿಡ್ತಾರೆ. ಅದು ಬರೀ ಕರಾರು ಪತ್ರ. ಎದುರಿನವರು ಮಾತು ತಪ್ಪಿದರೆ ಅದನ್ನು ಹಿಡಿದುಕೊಂಡು ಹೊಸದಾಗಿ ದಾವೆ ಹಾಕಬೇಕು.

ವಿಚ್ಛೇದನದಲ್ಲಂತೂ ಅದಕ್ಕೆ ಅಷ್ಟು ಬೆಲೆಯೂ ಇಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯಲು ಕೋರ್ಟಿನ ಡಿಕ್ರಿಯೇ, ಅಂದರೆ ತೀರ್ಪಿನ ಆದೇಶವೇ, ಬೇಕು. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು 29ನೇ ಕಲಂ ಉಳಿಸಿದೆ ನಿಜ, ಆದರೆ ಅಂಥ ರೂಢಿ ಇದೆ ಅಂತ ಹೇಳುವವರೇ ಅದನ್ನು ಸಾಬೀತು ಮಾಡಬೇಕು. ನೋಟರಿ ಮಾಡಿಸಿದ ವಿಚ್ಛೇದನ ಪತ್ರ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು, ಮೇಲೆ ಕ್ರಿಮಿನಲ್ ಕೇಸು. ಲೋಕ ಅದಾಲತ್‌ಗೆ ಹೋದರೆ ಡೈವೋರ್ಸ್ ಸಿಗುತ್ತೆ ಅನ್ನುವುದೂ ತಪ್ಪು ಕಲ್ಪನೆ. ರಾಷ್ಟ್ರೀಯ ಲೋಕ ಅದಾಲತ್ತಿನ ಪಟ್ಟಿಯಲ್ಲಿ ವೈವಾಹಿಕ ವ್ಯಾಜ್ಯಗಳು ಅಂತಿದ್ದರೂ ವಿಚ್ಛೇದನವನ್ನು ಹೊರಗಿಟ್ಟಿದ್ದಾರೆ. ಜೀವನಾಂಶದಂಥ ವಿಷಯ ಅಲ್ಲಿ ಮುಗಿಸಬಹುದು, ಮತ್ತೆ ಒಟ್ಟಿಗೆ ಬಾಳುತ್ತೇವೆ ಅಂತ ಹೋಗಲೂಬಹುದು.

ಹಾಗಾದರೆ ದಾರಿ ಯಾವುದು? ಮಾತುಕತೆಯನ್ನು ಮಧ್ಯಸ್ಥಿಕೆಯಲ್ಲಿ ಮುಗಿಸಿ, ಡಿಕ್ರಿಯನ್ನು ಅದೇ ಕಾಯ್ದೆಯ 13ಬಿ ಕಲಂ, ಅಂದರೆ ಇಬ್ಬರೂ ಒಪ್ಪಿ ಪಡೆಯುವ ವಿಚ್ಛೇದನದ ಅಡಿ ಪಡೆಯುವುದು. ಒಂದು ವರ್ಷದಿಂದ ಬೇರೆ ಇರಬೇಕು. ಇಬ್ಬರೂ ಸೇರಿ ಮೊದಲ ಅರ್ಜಿ ಹಾಕಿ, 6 ತಿಂಗಳ ನಂತರ, 18 ತಿಂಗಳ ಒಳಗೆ ಮತ್ತೆ ಹಾಜರಾಗಿ ಒಪ್ಪಿಗೆ ಖಾತ್ರಿಪಡಿಸಬೇಕು. ಬಹುಕಾಲದಿಂದ ಬೇರೆ ಇದ್ದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಬಗೆಹರಿದಿದ್ದರೆ ಆ 6 ತಿಂಗಳನ್ನು ಮನ್ನಾ ಮಾಡಲು ಕೋರ್ಟಿಗೆ ಅವಕಾಶವಿದೆ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಎಡವುವುದು ದುಡ್ಡಿನ ಕಂತಿನಲ್ಲಿ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಪೂರ್ತಿ ಹಣ ಮೊದಲೇ ಕೊಟ್ಟವನಿಗೆ ಆಮೇಲೆ ಹಿಡಿತವಿಲ್ಲ. ಡಿಕ್ರಿ ಆದ ಮೇಲೆ ಕೊಡ್ತೀನಿ ಅಂದವನನ್ನು ನಂಬಿದವಳ ಪಾಡೂ ಅದೇ. 12 ಲಕ್ಷ ಅಂತ ಒಪ್ಪಂದವಾದರೆ ಮೊದಲ ಅರ್ಜಿಯ ದಿನ ಒಂದು ಭಾಗ, ಕೊನೆಯ ಹಾಜರಿಯ ದಿನ ಕೋರ್ಟ್ ಹಾಲಿನಲ್ಲೇ ಉಳಿದದ್ದು, ಎರಡೂ ಡಿ.ಡಿ.ಯಲ್ಲಿ. ದಿನಾಂಕ ತಪ್ಪಿದರೆ ಬಡ್ಡಿ ಎಷ್ಟು ಅನ್ನುವುದನ್ನೂ ಬರೆಸಿ.

ಚಿನ್ನದ ವಿಷಯಕ್ಕೆ ಬಂದರೆ 'ಒಡವೆಗಳನ್ನು ಹಿಂದಿರುಗಿಸತಕ್ಕದ್ದು' ಅಂತ ಒಂದೇ ಸಾಲು ಇರುತ್ತೆ. ಯಾವ ಒಡವೆ? ಅವಲಕ್ಕಿ ಸರ ಎಷ್ಟು ಗ್ರಾಂ, ಬಳೆ ಎಷ್ಟು ಜೊತೆ, ಬ್ಯಾಂಕಿನಲ್ಲಿ ಅಡ ಇದ್ದರೆ ಬಿಡಿಸುವವರು ಯಾರು, ಒಂದೊಂದಾಗಿ ಬರೀಬೇಕು. ಜಮೀನು ಕೊಡುವ ಮಾತಾಗಿದ್ದರೆ ಪಹಣಿ ತೆಗೆಸಿ ನೋಡದೆ ಸಹಿ ಹಾಕಬೇಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು. ಬಗರ್ ಹುಕುಂನಲ್ಲಿ ಮಂಜೂರಾದ ಜಮೀನಾದರೆ ಪರಭಾರೆ ಮಾಡಬಾರದೆಂಬ ಷರತ್ತು ಇನ್ನೂ ಜಾರಿಯಲ್ಲಿದೆಯೇ ಅಂತ ಮಂಜೂರಾತಿ ಪತ್ರದಲ್ಲೇ ನೋಡಬೇಕು. ದಾವೆಯಲ್ಲಿ ಇಲ್ಲದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ನೋಂದಣಿಯೂ ಆಗಬೇಕು, ಬರೀ ಡಿಕ್ರಿ ಹಿಡಿದು ಖಾತೆ ಬದಲಾಗುತ್ತೆ ಅಂತ ಕೂರಬೇಡಿ. ಇನ್ನು ಮಗುವಿನ ಜೀವನಾಂಶ ಅಮ್ಮ ಬಿಟ್ಟುಕೊಡುವಂಥದ್ದಲ್ಲ, ಅದು ಮಗುವಿನ ಹಕ್ಕು. 'ಮುಂದೆ ಮಗುವಿಗೆ ಏನೂ ಕೇಳುವುದಿಲ್ಲ' ಅನ್ನುವ ಸಾಲು ನಿಲ್ಲುವುದಿಲ್ಲ.

ವರದಕ್ಷಿಣೆ ಕಿರುಕುಳದ ಕೇಸು, ಅಂದರೆ ಹಳೇ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ರಾಜಿ ಆಯ್ತು ಅಂತ ಇಲ್ಲೇ ಮುಗಿಯುವುದಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ಪಕ್ಕದ ಉತ್ತರ ಕನ್ನಡದ ಸಿದ್ದಾಪುರದವರಿಗೆ ಹೈಕೋರ್ಟಿನ ಧಾರವಾಡ ಪೀಠ, ಸಾಗರದವರಿಗೆ ಬೆಂಗಳೂರು. ಆ ಖರ್ಚು ಯಾರದು, ರಾಜಿಯಾಗಿದೆ ಅನ್ನುವ ಅಫಿಡವಿಟ್‌ಗೆ ಸಹಿ ಯಾವಾಗ ಅನ್ನುವುದು ರಾಜಿ ಪತ್ರದಲ್ಲೇ ಇರಲಿ.

ಒಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ. ಹೊಡೆತ ಬಡಿತ ಇರುವ ಮನೆಯಲ್ಲಿ ಮೊದಲು ರಾಜಿ ಅಲ್ಲ, ಮೊದಲು ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಪಡೆದು ಆಮೇಲೆ ಮಾತಿಗೆ ಕೂತರಾಯ್ತು. 'ಹೊಂದ್ಕೊಂಡು ಹೋಗಮ್ಮ' ಅನ್ನುವ ಹಿರಿಯರಿಗೇನು ಮಾರಾಯ್ರೇ, ರಾತ್ರಿ ಅವರೇನು ಆ ಮನೆಯಲ್ಲಿ ಇರ್ತಾರಾ?

ಈಗ ವ್ಯಾಪಾರದ ಕಡೆ ಬರೋಣ. ಇಲ್ಲಿ ದೊಡ್ಡ ಶತ್ರು ಕ್ಯಾಲೆಂಡರು. ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಕೊಯ್ಲು ಮುಗೀಲಿ, ದರ ಏರಲಿ, ದೀಪಾವಳಿ ಕಳೀಲಿ ಅಂತ ಪಂಚಾಯ್ತಿ ಎಳೆದಷ್ಟೂ ಗಡುವು ಓಡ್ತಾ ಇರುತ್ತೆ, ಯಜಮಾನರ ಮುಂದೆ ಮಾತಾಡಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಗಡುವು ಮುಗಿಯುವ ಮೊದಲೇ 'ಇಷ್ಟು ಬಾಕಿ ಕೊಡುವುದಿದೆ' ಅಂತ ಸಾಲಗಾರರಿಂದ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಹೊಸ 3 ವರ್ಷ ಶುರು. ಮುಗಿದ ಮೇಲೆ ಹಾಕಿಸಿದ ಅದೇ ಸಹಿಗೆ ಆ ಬಲ ಇಲ್ಲ.

ವ್ಯಾಪಾರಿಗಳ ನಡುವಿನ ತಕರಾರಿನ ಮೊತ್ತ 3 ಲಕ್ಷ ಅಥವಾ ಹೆಚ್ಚಿದ್ದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದಾಗ, ನೇರ ದಾವೆ ಹಾಕುವಂತೆಯೇ ಇಲ್ಲ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಪ್ರಕಾರ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆ. ಇದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಖಚಿತಪಡಿಸಿದೆ; ತಪ್ಪಿಸಿ ಹಾಕಿದ ದಾವೆ ತಿರಸ್ಕೃತವಾಗುತ್ತೆ. ನಮೂನೆ 1ರಲ್ಲಿ ಅರ್ಜಿ, 1,000 ರೂಪಾಯಿ ಶುಲ್ಕ. ಎದುರಿನವರು ಬರದಿದ್ದರೆ ವಿಫಲ ಅಂತ ವರದಿ ಸಿಗುತ್ತೆ, ಅದನ್ನು ಹಿಡಿದು ದಾವೆ ಹಾಕಬಹುದು. ಬಂದರೆ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಈ ಅವಧಿಯನ್ನು ಗಡುವಿನ ಲೆಕ್ಕದಿಂದ ಬಿಡ್ತಾರೆ, ಜಗಲಿ ಪಂಚಾಯ್ತಿಗೆ ಈ ಸವಲತ್ತಿಲ್ಲ. ರಾಜಿಯಾದರೆ ಆ ಪತ್ರಕ್ಕೆ ಆರ್ಬಿಟ್ರೇಷನ್ (ಕೋರ್ಟಿನ ಬದಲು ಖಾಸಗಿ ತೀರ್ಪುಗಾರರು ಕೊಡುವ) ತೀರ್ಪಿನಷ್ಟೇ ಬಲ.

ಚೆಕ್ ಬೌನ್ಸ್ ಕೇಸು ಲೋಕ ಅದಾಲತ್‌ನಲ್ಲಿ ಮುಗಿದರೆ ಆ ಆದೇಶ ಸಿವಿಲ್ ಡಿಕ್ರಿಗೆ ಸಮ. ಹಣ ಕೊಡದಿದ್ದರೆ ಆ ಡಿಕ್ರಿ ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಕಂತಿನಲ್ಲಿ ಒಪ್ಪಿಕೊಳ್ಳುವವರು 'ಒಂದು ಕಂತು ತಪ್ಪಿದರೂ ಉಳಿದ ಪೂರ್ತಿ ಮೊತ್ತ ಬಡ್ಡಿ ಸಮೇತ ತಕ್ಷಣ ಕೊಡತಕ್ಕದ್ದು' ಅನ್ನುವ ಸಾಲಿಲ್ಲದೆ ಸಹಿ ಹಾಕಬೇಡಿ. ಇಲ್ಲದಿದ್ದರೆ ತಪ್ಪಿದ ಕಂತಿಗೆ ಮಾತ್ರ ಓಡಾಡ್ತಾ ಇರಬೇಕಾಗುತ್ತೆ.

ಪಾಲುದಾರಿಕೆ, ಚೇಣಿ (ಅಡಿಕೆ ಫಸಲಿನ ಗುತ್ತಿಗೆ) ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತು ಹಾಕುವುದು ಒಳ್ಳೆಯದೇ, ಆದರೆ ಅದು ಲಿಖಿತವಾಗಿರಬೇಕು. 'ನಿಮ್ಮ ಕಡೆ ಒಬ್ರು, ನಮ್ಮ ಕಡೆ ಒಬ್ರು' ಅನ್ನುವುದು ಪಂಚಾಯ್ತಿಗೆ ಸರಿ. 1996ರ ಆರ್ಬಿಟ್ರೇಷನ್ ಕಾಯ್ದೆಯ 10ನೇ ಕಲಂ ಪ್ರಕಾರ ಆರ್ಬಿಟ್ರೇಟರ್‌ಗಳ ಸಂಖ್ಯೆ ಸಮ ಆಗಿರಬಾರದು. ನಾಲ್ಕೈದು ಲಕ್ಷದ ತಕರಾರಿಗೆ ಮೂವರನ್ನು ಇಟ್ಟುಕೊಂಡರೆ ಅವರ ಫೀಸಿಗೇ ಅಸಲು ಕರಗುತ್ತೆ, ಒಬ್ಬರು ಸಾಕು. ಆ ಒಬ್ಬರನ್ನು ಒಂದೇ ಪಕ್ಷ ತನಗೆ ಬೇಕಾದಂತೆ ನೇಮಿಸುವ ಷರತ್ತು ನಿಲ್ಲುವುದಿಲ್ಲ. ಚೇಣಿಯಲ್ಲಿ ಜಗಳ ಹುಟ್ಟುವುದೇ ಒಂದು ಕ್ವಿಂಟಾಲ್ ಹಸಿ ಕಾಯಿಗೆ ಎಷ್ಟು ಕೆ.ಜಿ. ಒಣ ಅಡಿಕೆ, ತೂಕ ಯಾರೆದುರು, ಯಾವ ದಿನದ ದರ ಅನ್ನುವುದರಲ್ಲಿ. ಇವನ್ನು ಬರೆದಿಟ್ಟರೆ ಆರ್ಬಿಟ್ರೇಟರ್ ತನಕ ಹೋಗುವ ಸಂದರ್ಭವೇ ಕಮ್ಮಿ.

ಜಗಲಿಯಲ್ಲೇ ಮುಗಿದ ಹಣದ ರಾಜಿಯನ್ನು ಗಟ್ಟಿ ಮಾಡಿಕೊಳ್ಳಲು ವಕೀಲರೇ ಬೇಕು ಅಂತೇನಿಲ್ಲ. ತೀರ್ಥಹಳ್ಳಿ, ಹೊಸನಗರ, ಸೊರಬ ಎಲ್ಲೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವ್ಯಾಜ್ಯಪೂರ್ವ ಅರ್ಜಿ, ಅಂದರೆ ದಾವೆ ಹಾಕುವ ಮೊದಲೇ ಕೊಡುವ ಅರ್ಜಿ, ಕೊಡಿ. ಕೋರ್ಟ್ ಶುಲ್ಕವಿಲ್ಲ. ಇಬ್ಬರ ಆಧಾರ್, ಲೆಕ್ಕದ ಚೀಟಿ, ಜಮಾ ಖರ್ಚಿನ ಪ್ರತಿ, ಆಗಿರುವ ರಾಜಿಯ ಕರಡು ಜೊತೆಗಿರಲಿ. ಲೋಕ ಅದಾಲತ್ ದಿನ ಇಬ್ಬರೂ ಖುದ್ದು ಹೋಗಿ ಒಪ್ಪಿ ಸಹಿ ಹಾಕಿದರೆ ಅದೇ ಡಿಕ್ರಿ, ಅದರ ಮೇಲೆ ಅಪೀಲಿಲ್ಲ. ಅಪೀಲಿಲ್ಲ ಅಂದಮೇಲೆ ಕರಡಿನ ಅಂಕಿಗಳನ್ನು ಅಕ್ಷರದಲ್ಲೂ ಬರೆಸಿ, ಸಹಿಗೆ ಮುಂಚೆ ಓದಿಸಿ ಕೇಳಿ, ದೃಢೀಕೃತ ಪ್ರತಿ ತಗೊಂಡೇ ಮನೆಗೆ ಬನ್ನಿ.